ಬಾರ್ ರಾತ್ರಿ 1ರ ತನಕ ಬೇಕಾ? ಶಿವಮೊಗ್ಗದವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ನಿವೃತ್ತ ಸ್ಟಾಫ್ ನರ್ಸ್. ಮನೆ ಶಿವಮೊಗ್ಗದಲ್ಲಿ. ಸರ್ವಿಸ್‌ನ ಬಹುಪಾಲು ಕ್ಯಾಶುವಾಲ್ಟಿಯಲ್ಲೇ ಕಳೆಯಿತು, ಅದರಲ್ಲೂ ನೈಟ್ ಡ್ಯೂಟಿ ಜಾಸ್ತಿ. ಬಾರ್ ಮುಚ್ಚುವ ಸಮಯದ ಮಾತು ಬಂದಾಗಲೆಲ್ಲ ಅಕ್ಕಪಕ್ಕದವರು, ನೆಂಟರು, ಬೆಳಿಗ್ಗೆ ವಾಕಿಂಗ್‌ಗೆ ಬರುವ ಗೆಳತಿಯರು ನನ್ನನ್ನು ಕೇಳುತ್ತಾರೆ. ಕೇಳಿದ್ದನ್ನೇ ಕೇಳುತ್ತಾರೆ. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿದ್ದೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಮ್ಮೂರಿಗೆ ಈ ಹೆಚ್ಚಿನ ಸಮಯ ಬೇಡ.

ಈ 1 ಗಂಟೆಯ ಮಾತು ಎಲ್ಲಿಂದ ಶುರುವಾಯ್ತು?

2024ರ ಫೆಬ್ರವರಿಯ ರಾಜ್ಯ ಬಜೆಟ್‌ನಿಂದ. ಬೆಂಗಳೂರು ಮತ್ತು ಇತರ 10 ಮಹಾನಗರ ಪಾಲಿಕೆಗಳಲ್ಲಿ ವ್ಯಾಪಾರ ವಹಿವಾಟನ್ನು ರಾತ್ರಿ 1ರ ತನಕ ವಿಸ್ತರಿಸುವ ಮಾತು ಅದರಲ್ಲಿತ್ತು. ಶಿವಮೊಗ್ಗವೂ ಮಹಾನಗರ ಪಾಲಿಕೆಯೇ. ಅದೇ ವರ್ಷ ಆಗಸ್ಟ್‌ನಲ್ಲಿ ಬೆಂಗಳೂರಿನ ಬಾರ್, ಕ್ಲಬ್, ಹೋಟೆಲ್‌ಗಳಿಗೆ ರಾತ್ರಿ 1ರ ತನಕ ತೆರೆದಿಡಲು ಆದೇಶ ಬಂತು. ಆಮೇಲೆ ಇಲ್ಲಿಯವರೂ "ಅವರಿಗೆ ಕೊಟ್ಟ ಮೇಲೆ ನಮಗೇಕೆ ಇಲ್ಲ?" ಅಂತ ಕೇಳತೊಡಗಿದರು. ಕೇಳುವುದು ತಪ್ಪಲ್ಲ.

ಒಂದು ವಿಷಯ ಬೇರೆ ಮಾಡಿಕೊಳ್ಳಿ. ಬಸ್ ಸ್ಟ್ಯಾಂಡ್ ಹತ್ತಿರ ಮೆಡಿಕಲ್ ಶಾಪ್, ಇಡ್ಲಿ ಗಾಡಿ, ಹೋಟೆಲ್ ತಡರಾತ್ರಿವರೆಗೆ ಇದ್ದರೆ ನನಗೆ ಸಂತೋಷವೇ. ಡ್ಯೂಟಿ ಮಧ್ಯೆ ಒಂದು ಲೋಟ ಬಿಸಿ ಕಾಫಿ ಸಿಗದೆ ಒದ್ದಾಡಿದವಳು ನಾನು. ಇಲ್ಲಿ ಬರೆದಿರುವುದು ಮದ್ಯದ ಬಗ್ಗೆ ಮಾತ್ರ.

ಸಿಎಲ್-2, ಸಿಎಲ್-7, ಸಿಎಲ್-9 ಅಂತಾರಲ್ಲ, ಏನು ವ್ಯತ್ಯಾಸ?

ಇವು ಅಬಕಾರಿ ಇಲಾಖೆಯ ಲೈಸೆನ್ಸ್ ಹೆಸರುಗಳು. ಸಿಎಲ್-2 ಅಂದರೆ ವೈನ್ ಶಾಪ್. ಬಾಟಲಿ ತಗೊಂಡು ಹೋಗಬೇಕು, ಅಲ್ಲೇ ಕೂತು ಕುಡಿಯುವಂತಿಲ್ಲ. ಸಿಎಲ್-9 ಅಂದರೆ ಬಾರ್ ಆಂಡ್ ರೆಸ್ಟೋರೆಂಟ್. ಸಿಎಲ್-7 ಅಂದರೆ ರೂಮ್ ಇರುವ ಲಾಡ್ಜಿನ ಬಾರ್. ಸರ್ಕಾರಿ ಸಂಸ್ಥೆಯಾದ ಎಂಎಸ್‌ಐಎಲ್‌ನ ಮಳಿಗೆಗಳದ್ದು ಸಿಎಲ್-11ಸಿ. ರಾಜ್ಯದಲ್ಲಿ ಸಾಮಾನ್ಯವಾಗಿ ವೈನ್ ಶಾಪ್‌ಗೆ ರಾತ್ರಿ 10.30, ಬಾರ್‌ಗೆ 11.30 ಕೊನೆ. ಈಗಿನ ಚರ್ಚೆ ಬಾರ್‌ಗಳ ಆ 11.30ನ್ನು 1ಕ್ಕೆ ತಳ್ಳುವುದರ ಬಗ್ಗೆ.

ನಿಮಗೆ ಕುಡಿಯುವವರನ್ನು ಕಂಡರೇ ಆಗಲ್ವಾ?

ಹಾಗೇನಿಲ್ಲ. ನಮ್ಮ ಮನೆಯಲ್ಲೂ ಕುಡಿಯುವವರಿದ್ದರು. ನಾನು ಬ್ಯಾಂಡೇಜ್ ಸುತ್ತಿದ ಎಷ್ಟೋ ಜನ ಒಳ್ಳೆಯವರು, ಬೆಳಿಗ್ಗೆ ಎದ್ದು ನಾಚಿಕೆಯಿಂದ "ಸಿಸ್ಟರ್, ರಾತ್ರಿ ಏನಾದ್ರೂ ಅಂದ್ನಾ?" ಅಂತ ಕೇಳುವವರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಜೀವಂತವಾಗಿ ಮನೆ ತಲುಪಬೇಕು ಅನ್ನುವುದಷ್ಟೇ ನನ್ನ ಆಸೆ.

ಒಂದೂವರೆ ಗಂಟೆ ಜಾಸ್ತಿಯಾದರೆ ಏನಾಗಿಬಿಡುತ್ತೆ?

ಎಲ್ಲಕ್ಕಿಂತ ಹೆಚ್ಚು ಕೇಳುವ ಪ್ರಶ್ನೆ ಇದು. ಒಂದು ರಾತ್ರಿಯದನ್ನು ಹೇಳುತ್ತೇನೆ.

ಆಷಾಢದ ಮಳೆ. ರಾತ್ರಿ 12.40ರ ಹೊತ್ತಿಗೆ ಆಟೋದಲ್ಲಿ ಒಬ್ಬನನ್ನು ತಂದರು. ಮೂವತ್ತರ ಆಸುಪಾಸಿನ ಹುಡುಗ. ಅಂಗಿ ತೊಯ್ದು ಮೈಗೆ ಅಂಟಿತ್ತು. ಒಂದು ಕಾಲಿನಲ್ಲಿ ಮಾತ್ರ ಚಪ್ಪಲಿ. ಬಲಗೈ ಮುಷ್ಟಿಯಲ್ಲಿ ಬೈಕಿನ ಕೀ, ಬಿಡಿಸಲು ಹೋದರೆ ಬಿಡಲಿಲ್ಲ. ಜೊತೆಗಿದ್ದವರು "ಏನಿಲ್ಲ ಸಿಸ್ಟರ್, ಜಾಸ್ತಿ ಆಗಿದೆ, ಗ್ಲೂಕೋಸ್ ಹಾಕಿ, ಸರಿ ಹೋಗ್ತಾನೆ" ಅಂದರು. ಬೈಕಿಂದ ಬಿದ್ದು ಎರಡು ಗಂಟೆಯಾಗಿತ್ತು. ಅಷ್ಟು ಹೊತ್ತು ಒಂದು ಅಂಗಡಿಯ ಜಗಲಿ ಮೇಲೆ ಮಲಗಿಸಿದ್ದರಂತೆ, ಅಮಲು ಇಳಿಯಲಿ ಅಂತ. ನಾನು ಕಣ್ಣಿಗೆ ಟಾರ್ಚ್ ಬಿಟ್ಟೆ. ಒಂದು ಪಾಪೆ ದೊಡ್ಡದು, ಇನ್ನೊಂದು ಚಿಕ್ಕದು. ತಲೆಯೊಳಗೆ ರಕ್ತ ಹೆಪ್ಪುಗಟ್ಟಿತ್ತು. ಅವನ ಫೋನ್ ರಿಂಗಾಗುತ್ತಲೇ ಇತ್ತು. ಕೊನೆಗೆ ನಾನೇ ಎತ್ತಿದೆ. ಆ ಕಡೆಯಿಂದ ಹೆಂಗಸಿನ ದನಿ, "ಎಲ್ಲಿದೀರ? ಊಟಕ್ಕೆ ಎಬ್ಬಿಸ್ಲಾ ಬೇಡ್ವಾ ಪಾಪುನ?" ಆಕೆಗೆ ಏನು ಹೇಳಬೇಕು ಅಂತ ತಿಳಿಯದೆ ಫೋನ್ ಹಿಡಿದುಕೊಂಡು ನಿಂತಿದ್ದೆ. ಹುಡುಗ ಉಳಿಯಲಿಲ್ಲ.

ಮದ್ಯದ ಅಪಾಯ ಅಂದರೆ ಜನರಿಗೆ ಲಿವರ್ ನೆನಪಾಗುತ್ತೆ. ಕ್ಯಾಶುವಾಲ್ಟಿಯವರಿಗೆ ಗಡಿಯಾರ ನೆನಪಾಗುತ್ತೆ. ಬಾರ್ ಮುಚ್ಚಿದ ನಂತರದ ಒಂದು ಗಂಟೆ ನಮಗೆ ಗೊತ್ತಿತ್ತು. ಆ ಹೊತ್ತಿಗೆ ಹೊಲಿಗೆ ಟ್ರೇ ರೆಡಿ ಮಾಡಿಕೊಳ್ಳುತ್ತಿದ್ದೆವು, ಪೊಲೀಸರಿಗೆ ತಿಳಿಸಬೇಕಾದ ಕೇಸುಗಳನ್ನು ಬರೆಯುವ ಎಂಎಲ್‌ಸಿ ರಿಜಿಸ್ಟರ್ ಮುಂದಕ್ಕೆ ಎಳೆದಿಡುತ್ತಿದ್ದೆವು. ಸಮಯ ಮುಂದಕ್ಕೆ ಹೋದರೆ ಈ ಗಂಟೆಯೂ ಮುಂದಕ್ಕೆ ಹೋಗುತ್ತದೆ, ಜೊತೆಗೆ ಇನ್ನೂ ಎರಡು ಪೆಗ್ ಸೇರಿಕೊಳ್ಳುತ್ತದೆ. ಅದೂ ರಸ್ತೆಯಲ್ಲಿ ಬಿದ್ದವನನ್ನು ನೋಡಲು ಯಾರೂ ಇಲ್ಲದ ಹೊತ್ತಿನಲ್ಲಿ.

ಇದು ನಿಮ್ಮ ಅನುಭವ ಆಯ್ತು. ಎಲ್ಲಾದರೂ ಲೆಕ್ಕ ಹಾಕಿ ನೋಡಿದ್ದಾರಾ?

ನೋಡಿದ್ದಾರೆ. ನಾರ್ವೆಯ 18 ನಗರಗಳಲ್ಲಿ ಬಾರ್ ಮುಚ್ಚುವ ಸಮಯ ಹಿಂದೆ ಮುಂದೆ ಆದಾಗ ಏನಾಯ್ತು ಅಂತ ಲೆಕ್ಕ ಹಾಕಿದರು. ಒಂದು ಗಂಟೆ ಹೆಚ್ಚಾದರೆ ವಾರಾಂತ್ಯದ ರಾತ್ರಿಗಳ ಹೊಡೆದಾಟ ಸುಮಾರು 16% ಹೆಚ್ಚು. ಆಸ್ಟ್ರೇಲಿಯಾದ ನ್ಯೂಕಾಸಲ್‌ನಲ್ಲಿ 2008ರಲ್ಲಿ ಬೆಳಗಿನ ಜಾವ 5ರ ತನಕ ತೆರೆದಿರುತ್ತಿದ್ದ ಪಬ್‌ಗಳನ್ನು ಮೊದಲು 3ಕ್ಕೆ, ಆಮೇಲೆ 3.30ಕ್ಕೆ ಮುಚ್ಚಿಸಿದರು. ಹಲ್ಲೆಗಳು ಸುಮಾರು ಮೂರನೇ ಒಂದು ಭಾಗ ಇಳಿದವು. ಬ್ರೆಜಿಲ್‌ನ ಡಯಾಡೆಮಾ ಅನ್ನುವ ಊರು 2002ರಲ್ಲಿ ರಾತ್ರಿ 11ಕ್ಕೇ ಬಾರ್ ಮುಚ್ಚುವ ಕಾನೂನು ತಂದಿತು. ಅಲ್ಲಿ ಕೊಲೆಗಳು ತುಂಬಾ ಕಡಿಮೆಯಾದವು.

ಇನ್ನೊಂದು ಪಕ್ಕವನ್ನೂ ಹೇಳಬೇಕು. ಇಂಗ್ಲೆಂಡ್‌ನಲ್ಲಿ 2005ರ ನವೆಂಬರ್‌ನಿಂದ 24 ಗಂಟೆ ಮಾರಲೂ ಅವಕಾಶ ಬಂತು. ಜನ ಹೆದರಿದಷ್ಟು ಅನಾಹುತ ಆಗಲಿಲ್ಲ. ಗಲಾಟೆ ಒಟ್ಟಾರೆ ಏರುವುದಕ್ಕಿಂತ ರಾತ್ರಿ ಇನ್ನೂ ತಡವಾದ ಹೊತ್ತಿಗೆ ಜಾರಿತು ಅಂತ ಅಲ್ಲಿನ ವರದಿಗಳು ಹೇಳಿದವು. ವಿಸ್ತರಣೆ ಬೇಕು ಅನ್ನುವವರು ಇದನ್ನು ಮುಂದಿಡುತ್ತಾರೆ. ಇಡಲಿ. ಆದರೆ ಅಲ್ಲಿ ನಡೆದು ಮನೆಗೆ ಹೋಗುವಷ್ಟು ಹತ್ತಿರ ಪಬ್ ಇರುತ್ತದೆ, ಫುಟ್‌ಪಾತ್ ಇರುತ್ತದೆ.

ಬೆಂಗಳೂರಿಗೆ ಆದದ್ದು ನಮಗೆ ಯಾಕೆ ಆಗಲ್ಲ?

ಮನೆಗೆ ಹೋಗುವ ದಾರಿ ಬೇರೆ, ಅದಕ್ಕೆ.

ಬೆಂಗಳೂರಿನಲ್ಲಿ ರಾತ್ರಿ 1ಕ್ಕೆ ಫೋನ್ ಒತ್ತಿದರೆ ಕಾರು ಬರುತ್ತೆ. ಇಲ್ಲಿ ಆ ಹೊತ್ತಿಗೆ ಸಿಟಿ ಬಸ್ ನಿಂತಿರುತ್ತದೆ. ಹಳ್ಳಿಯ ನೈಟ್ ಹಾಲ್ಟ್ ಬಸ್ಸು ಯಾವಾಗಲೋ ಹೋಗಿ ಊರ ಮುಂದೆ ಮಲಗಿರುತ್ತದೆ. ಗೋಪಿ ಸರ್ಕಲ್ ಹತ್ತಿರ ಕುಡಿದವನ ಮನೆ ದುರ್ಗಿಗುಡಿಯಲ್ಲಿದ್ದರೆ ಹೇಗೋ ನಡೆದು ಸೇರಿಯಾನು. ಆಯನೂರು, ಗಾಜನೂರು ಕಡೆಯವನಾದರೆ? ಅವನಿಗೆ ಇರುವುದು ಬೈಕು ಒಂದೇ.

ಆ ರಸ್ತೆಗಳನ್ನು ರಾತ್ರಿ ಓಡಿಸಿದವರಿಗೆ ಗೊತ್ತು. ಎದುರಿಂದ ಲಾರಿ ಲೈಟು, ಮಳೆಗಾಲದಲ್ಲಿ ಬಿದ್ದ ಮರದ ಕೊಂಬೆ, ಚಳಿಗಾಲದಲ್ಲಿ ಮಂಜು. ತೀರ್ಥಹಳ್ಳಿ ದಾಟಿ ಆಗುಂಬೆ ಕಡೆ, ಹೊಸನಗರ ಕಡೆ ಹೋದರೆ ತಿರುವಿನಲ್ಲಿ ಕಾಡುಕೋಣ ನಿಂತಿರುತ್ತದೆ. ಎಚ್ಚರ ಇದ್ದವನಿಗೇ ಕಷ್ಟ. ಬಿದ್ದರೆ ಫೋನ್‌ಗೆ ಸಿಗ್ನಲ್ ಇಲ್ಲ. ಸಾಗರದಿಂದ ಶಿವಮೊಗ್ಗಕ್ಕೆ 70 ಕಿಲೋಮೀಟರ್ ಹತ್ತಿರ, ತೀರ್ಥಹಳ್ಳಿಯಿಂದ 60ರಷ್ಟು. ತಲೆಗೆ ಪೆಟ್ಟಾದವನನ್ನು ಅಲ್ಲಿಂದ ಇಲ್ಲಿಗೆ ರೆಫರ್ ಮಾಡಿದರೆ ದಾರಿಯಲ್ಲೇ ಒಂದೂವರೆ ಗಂಟೆ ಹೋಗುತ್ತದೆ.

ನಗರದೊಳಗೆ ಮಾತ್ರ ಸಮಯ ಹೆಚ್ಚಿಸುತ್ತೇವೆ ಅನ್ನಬಹುದು. ಆದರೆ ಸುತ್ತಲಿನ ಊರಿನ ಬಾರ್ 11.30ಕ್ಕೆ ಮುಚ್ಚಿ, ಪೇಟೆಯದು 1ರ ತನಕ ಇದ್ದರೆ ಅಲ್ಲಿಯ ಹುಡುಗರು ಬೈಕ್ ಹತ್ತಿ ಪೇಟೆಗೆ ಬರುತ್ತಾರೆ. ಹಾಗೇ ವಾಪಸ್ ಹೋಗಬೇಕು.

ಬೇಗ ಮುಚ್ಚಿಸಿದರೆ ಕಳ್ಳ ಮಾರಾಟ ಜಾಸ್ತಿ ಆಗುತ್ತಲ್ಲ?

ಇದು ಗಟ್ಟಿಯಾದ ಪ್ರಶ್ನೆ. ಕಳ್ಳ ಮಾರಾಟ ಈಗಲೂ ಇದೆ. ಮಲೆನಾಡಿನ ಎಷ್ಟೋ ಹಳ್ಳಿಗಳಲ್ಲಿ ಲೈಸೆನ್ಸ್ ಇರುವ ಅಂಗಡಿ ಇಲ್ಲದಿದ್ದರೂ ಎಣ್ಣೆ ಸಿಗುತ್ತದೆ. ಗೂಡಂಗಡಿಯಲ್ಲಿ ಬೀಡಿ, ಶಾಂಪೂ ಪ್ಯಾಕೆಟ್ ಹಿಂದೆ ಟೆಟ್ರಾ ಪ್ಯಾಕ್ ಇರುತ್ತದೆ. ಬೆಲೆಗಿಂತ ಇಪ್ಪತ್ತು ಮೂವತ್ತು ರೂಪಾಯಿ ಜಾಸ್ತಿ. ಅಡಿಕೆ ಕೊಯ್ಲಿನ ಕೂಲಿ ಬಟವಾಡೆಯ ದಿನ ಅಲ್ಲಿ ಜನ ನೋಡಬೇಕು. ಬೆಳಿಗ್ಗೆ ಆರಕ್ಕೂ ಸಿಗುತ್ತದೆ, ಸಾಲಕ್ಕೂ ಸಿಗುತ್ತದೆ. ಹಳ್ಳಿ ಹೆಂಗಸರು ಅಬಕಾರಿ ಕಚೇರಿ ಮುಂದೆ ಬಂದು ಕೂರುವುದು ಇದಕ್ಕೇ.

ಆದರೆ ಆ ಮಾಲು ಎಲ್ಲಿಂದ ಬರುತ್ತದೆ? ಲೈಸೆನ್ಸ್ ಇರುವ ಅಂಗಡಿಯಿಂದಲೇ ಡಬ್ಬಗಟ್ಟಲೆ ಹೋಗುತ್ತದೆ. ಪೇಟೆಯ ಬಾರ್ 1ರ ತನಕ ತೆರೆದರೆ ಗೂಡಂಗಡಿಯವನ ವ್ಯಾಪಾರ ನಿಲ್ಲುವುದಿಲ್ಲ. ಅವನ ಗಿರಾಕಿ ಬೇರೆ. ಕಳ್ಳ ಮಾರಾಟ ನಿಲ್ಲಬೇಕಾದರೆ ರೇಡ್ ಆಗಬೇಕು, ಮಾಲು ಕೊಟ್ಟವನ ಲೈಸೆನ್ಸ್ ಅಮಾನತಾಗಬೇಕು.

ಸಾರಾಯಿ ಉದಾಹರಣೆ ಕೊಡುತ್ತಾರೆ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು, ಕುಡಿಯುವವರು ಅಗ್ಗದ ಪ್ಯಾಕೆಟ್ ವಿಸ್ಕಿಗೆ ಹೋದರು. ನಿಜ. ಪೂರ್ತಿ ಬಂದ್ ಮಾಡಿದರೆ ಎಲ್ಲ ಸರಿಯಾಗುತ್ತೆ ಅಂತ ನಾನೂ ನಂಬಿಲ್ಲ. ನನ್ನ ವಾದ ಈಗಿರುವ ಸಮಯ ಹಾಗೇ ಇರಲಿ ಅನ್ನುವುದು.

ಸರ್ಕಾರಕ್ಕೆ ದುಡ್ಡು ಬೇಡ್ವಾ?

ಬೇಕು. ಮದ್ಯ ಜಿಎಸ್‌ಟಿಯೊಳಗೆ ಬರುವುದಿಲ್ಲ. ತೆರಿಗೆ ಎಷ್ಟು ಹಾಕಬೇಕು ಅಂತ ರಾಜ್ಯವೇ ತೀರ್ಮಾನಿಸುವ ಕೆಲವೇ ಬಾಬ್ತುಗಳಲ್ಲಿ ಇದೊಂದು. 2025-26ರ ಬಜೆಟ್‌ನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಬರಬೇಕು ಅಂತ ಗುರಿ ಇಟ್ಟರು. ಗ್ಯಾರಂಟಿ ಯೋಜನೆಗೆ, ರಸ್ತೆಗೆ, ಆಸ್ಪತ್ರೆಗೆ ಆ ದುಡ್ಡು ಹೋಗುತ್ತದೆ, ನನ್ನ ಪಿಂಚಣಿಗೂ ಹೋಗುತ್ತದೆ. ಒಪ್ಪುತ್ತೇನೆ. ಅದೇ ಪುಸ್ತಕದ ಇನ್ನೊಂದು ಪುಟದಲ್ಲಿ ಸಿ.ಟಿ. ಸ್ಕ್ಯಾನ್, ಐಸಿಯು ಹಾಸಿಗೆ, 108ರ ಡೀಸೆಲ್, ವಿಧವಾ ವೇತನ ಇವೆ. ಆ ಪುಟವನ್ನು ಯಾರೂ ಬಜೆಟ್ ಭಾಷಣದಲ್ಲಿ ಓದುವುದಿಲ್ಲ.

ಬಾರ್‌ನಲ್ಲಿ ಕೆಲಸ ಮಾಡುವವರಿಗೆ ಅನುಕೂಲ ಅಲ್ವಾ?

ನಮ್ಮ ಬೀದಿಯ ಕೊನೆ ಮನೆಯ ಹುಡುಗ ಬಾರ್‌ನಲ್ಲಿ ಸಪ್ಲೈಯರ್. ಅವನನ್ನೇ ಕೇಳಿದೆ. "ಅಕ್ಕ, ಶಟರ್ ಎಳೆದ್ ಮೇಲೂ ಒಂದು ಗಂಟೆ ಕೆಲ್ಸ ಇರುತ್ತೆ. ಟೇಬಲ್ ಒರೆಸ್ಬೇಕು, ವಾಂತಿ ತೊಳೀಬೇಕು, ಕ್ಯಾಶ್ ಟ್ಯಾಲಿ ಆಗ್ಬೇಕು. ಟಿಪ್ಸ್ ಬರೋದು ಒಂಬತ್ತರಿಂದ ಹನ್ನೊಂದರೊಳಗೆ. ಆಮೇಲೆ ಬರೋದು ಬೈಗಳ" ಅಂದ. 1ಕ್ಕೆ ಮುಚ್ಚಿದರೆ ಅವನು ಮನೆಗೆ ಬರುವುದು ಎರಡೂವರೆಗೆ.

ಕಾನೂನಿನ ಪ್ರಕಾರ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಕೆಲಸ. ಹೆಚ್ಚು ದುಡಿಸಿದರೆ ಎರಡು ಪಟ್ಟು ಕೂಲಿ. ಅವನಿಗೆ ಅದು ಗೊತ್ತೇ ಇರಲಿಲ್ಲ. ಎರಡನೇ ಪಾಳಿಗೆ ಬೇರೆ ಜನ ಇಟ್ಟು, ಅವರನ್ನು ಮನೆಗೆ ಬಿಡುವ ವ್ಯವಸ್ಥೆ ಮಾಡುತ್ತೇವೆ ಅಂತ ಮಾಲೀಕರು ಬರೆದುಕೊಟ್ಟರೆ ಆಗ ಉದ್ಯೋಗದ ಮಾತಾಡಬಹುದು.

ಜೋಗಕ್ಕೆ ಬರುವ ಟೂರಿಸ್ಟ್‌ಗಳು?

ಅವರು ಜಲಪಾತ ನೋಡಲು ಬರುತ್ತಾರೆ. ಬೇಕಾದವರಿಗೆ ಲಾಡ್ಜಿನ ರೂಮಿದೆ.

ಎರಡೇ ಪೆಗ್ ಹಾಕಿ, ಸ್ವಲ್ಪ ಹೊತ್ತು ಬಿಟ್ಟು ಗಾಡಿ ಓಡಿಸಬಹುದಾ?

ಬೇಡ. ಲೆಕ್ಕ ನೋಡಿ. 30 ಎಂಎಲ್ ವಿಸ್ಕಿಯಲ್ಲಿ, ಅಂದರೆ ಒಂದು ಸಣ್ಣ ಪೆಗ್‌ನಲ್ಲಿ, ಸುಮಾರು 10 ಗ್ರಾಂ ಮದ್ಯಸಾರ ಇರುತ್ತದೆ. ಅಷ್ಟನ್ನು ಕರಗಿಸಲು ದೇಹಕ್ಕೆ ಹೆಚ್ಚು ಕಡಿಮೆ ಒಂದು ಗಂಟೆ ಬೇಕು. ಒಂದು ನೈಂಟಿಗೆ (90 ಎಂಎಲ್) ಮೂರು ಗಂಟೆ. ಒಂದು ಕ್ವಾರ್ಟರ್‌ಗೆ (180 ಎಂಎಲ್) ಆರು. 650 ಎಂಎಲ್‌ನ ಸ್ಟ್ರಾಂಗ್ ಬಿಯರ್ ಒಂದೇ ನಾಲ್ಕು ಸಣ್ಣ ಪೆಗ್‌ಗೆ ಸಮ. ಬಿಯರ್ ಲೆಕ್ಕಕ್ಕಿಲ್ಲ ಅನ್ನುವವರು ಇದನ್ನು ದಯವಿಟ್ಟು ಎರಡು ಸಲ ಓದಿ. ಮಜ್ಜಿಗೆ, ನಿಂಬೆಹಣ್ಣು, ತಣ್ಣೀರು ಸ್ನಾನ, ಕಾಫಿ ಯಾವುದೂ ಇದನ್ನು ಬೇಗ ಕರಗಿಸಲ್ಲ.

ಈಗ ಇದನ್ನು ಗಡಿಯಾರಕ್ಕೆ ಹೊಂದಿಸಿ. ರಾತ್ರಿ 1ಕ್ಕೆ ಕ್ವಾರ್ಟರ್ ಮುಗಿಸಿದವನ ರಕ್ತದಲ್ಲಿ ಬೆಳಿಗ್ಗೆ ಆರಕ್ಕೂ ಮದ್ಯ ಉಳಿದಿರಬಹುದು. ಆ ಹೊತ್ತಿಗೆ ಅವನು ಹಾಲಿನ ವ್ಯಾನ್ ಓಡಿಸುತ್ತಿರುತ್ತಾನೆ, ಮಕ್ಕಳನ್ನು ಟ್ಯೂಷನ್‌ಗೆ ಬಿಡಲು ಹೊರಟಿರುತ್ತಾನೆ. ಕಾನೂನಿನ ಮಿತಿ 100 ಎಂಎಲ್ ರಕ್ತಕ್ಕೆ 30 ಮಿಲಿಗ್ರಾಂ. ಅದನ್ನು ಮೀರಿದರೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಆರು ತಿಂಗಳ ತನಕ ಜೈಲು, ಅಥವಾ ಎರಡೂ.

ರಾತ್ರಿ ರಸ್ತೆಯಲ್ಲಿ ಕುಡಿದು ಬಿದ್ದವರನ್ನು ಕಂಡರೆ ಏನು ಮಾಡಬೇಕು?

108ಕ್ಕೆ ಫೋನ್ ಮಾಡಿ. ಗಾಯ ಕಾಣದಿದ್ದರೆ ಮೆಲ್ಲಗೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಅಂಗಾತ ಬೇಡ. ಅಂಗಾತ ಮಲಗಿದವರು ವಾಂತಿ ಉಸಿರುನಾಳಕ್ಕೆ ಹೋಗಿ ಸಾಯುತ್ತಾರೆ. ಬಾಯಿಗೆ ನೀರು ಹಾಕಬೇಡಿ, ವಾಂತಿ ಮಾಡಿಸಬೇಡಿ. ಗಾಡಿಯಿಂದ ಬಿದ್ದಿದ್ದರೆ ಕುತ್ತಿಗೆ ಅಲ್ಲಾಡದ ಹಾಗೆ ನೋಡಿಕೊಳ್ಳಿ.

ಎಲ್ಲಕ್ಕಿಂತ ಮುಖ್ಯ, ತಲೆಗೆ ಪೆಟ್ಟು ಬಿದ್ದವನು ಎಷ್ಟೇ ಕುಡಿದಿರಲಿ, "ಮಲಗಿದ್ದಾನೆ, ಬೆಳಿಗ್ಗೆ ಏಳ್ತಾನೆ" ಅಂತ ಬಿಡಬೇಡಿ. ಅಮಲಿನ ನಿದ್ದೆ ಯಾವುದು, ಮೆದುಳಿನ ರಕ್ತಸ್ರಾವ ಯಾವುದು ಅಂತ ಡಾಕ್ಟರಿಗೂ ಸ್ಕ್ಯಾನ್ ಇಲ್ಲದೆ ಹೇಳುವುದು ಕಷ್ಟ. ಮೇಲೆ ಹೇಳಿದ ಹುಡುಗನ ಆ ಎರಡು ಗಂಟೆ ನನಗೆ ಇವತ್ತಿಗೂ ನೆನಪಾಗುತ್ತದೆ. ಪೊಲೀಸ್ ಕೇಸ್ ಆಗುತ್ತೆ ಅಂತ ಹೆದರಬೇಡಿ. ಸಹಾಯ ಮಾಡಿದವರಿಗೆ ಮೋಟಾರು ವಾಹನ ಕಾಯ್ದೆಯಲ್ಲೇ ರಕ್ಷಣೆ ಇದೆ. ಹೆಸರು ಹೇಳಲೇಬೇಕು ಅಂತ ಒತ್ತಾಯ ಮಾಡುವಂತಿಲ್ಲ.

ಮನೆಯವರ ಮಾತು ಯಾರೂ ಕೇಳಲ್ವಲ್ಲ?

ಕೇಳಲ್ಲ. ರಾತ್ರಿ ಹನ್ನೆರಡರವರೆಗೆ ಚಿಲಕ ಹಾಕದೆ ಕೂತವಳು ಇನ್ನು ಎರಡರವರೆಗೆ ಕೂರಬೇಕು. ಮಕ್ಕಳು ನಿದ್ದೆ ಬಂದವರ ಹಾಗೆ ಮಲಗಿರುತ್ತವೆ, ಗೇಟಿನ ಸದ್ದಿಗೆ ಕಿವಿ ಕೊಟ್ಟುಕೊಂಡು. ಎಷ್ಟೋ ಹೆಂಗಸರು ಹುಬ್ಬು ಸೀಳಿಸಿಕೊಂಡು ಬಂದು "ಬಚ್ಚಲಲ್ಲಿ ಜಾರಿದೆ" ಅಂದಿದ್ದಾರೆ. ಬಚ್ಚಲಲ್ಲಿ ಜಾರಿದವರ ಕುತ್ತಿಗೆ ಮೇಲೆ ಬೆರಳಿನ ಗುರುತು ಇರುವುದಿಲ್ಲ. ಪಕ್ಕದಲ್ಲಿ ಕೂತು, ಒಂದು ಲೋಟ ನೀರು ಕೊಟ್ಟು, ಗಂಡಸರನ್ನು ಹೊರಗೆ ಕಳಿಸಿದ ಮೇಲೆ ನಿಜ ಹೇಳುತ್ತಿದ್ದರು.

2019ರ ಜನವರಿಯಲ್ಲಿ ಮದ್ಯ ನಿಷೇಧ ಬೇಕು ಅಂತ ಸಾವಿರಾರು ಹಳ್ಳಿ ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಕೊಂಡೇ ಹೋದರು. ಸಮಯ ಬದಲಿಸುವ ಮೊದಲು ಬಾರ್ ಮಾಲೀಕರನ್ನು ಕರೆದು ಮಾತಾಡಿಸುತ್ತಾರೆ. ಇವರನ್ನೂ ಕರೆಯಲಿ.

ತಕ್ಷಣದ ಅಪಾಯ ಇದ್ದರೆ 112. ಮಹಿಳಾ ಸಹಾಯವಾಣಿ 181. ದೌರ್ಜನ್ಯಕ್ಕೆ ಒಳಗಾದ ಹೆಂಗಸರಿಗಾಗಿ ಇರುವ ಸರ್ಕಾರದ ಸಖಿ ಕೇಂದ್ರದಲ್ಲಿ ತಾತ್ಕಾಲಿಕವಾಗಿ ಉಳಿಯಲು ಜಾಗ, ವಕೀಲರ ಸಲಹೆ ಎರಡೂ ಸಿಗುತ್ತವೆ.

ನಮ್ಮಂಥವರು ಹೇಳಿದರೆ ಸರ್ಕಾರ ಕೇಳುತ್ತಾ?

ಕೇಳಿದ ಉದಾಹರಣೆ ಇದೆ. ಮದ್ಯ ಕೊಳ್ಳುವ ವಯಸ್ಸನ್ನು 21ರಿಂದ 18ಕ್ಕೆ ಇಳಿಸುವ ಕರಡು 2023ರ ಜನವರಿಯಲ್ಲಿ ಬಂದಿತ್ತು. ಜನ ಆಕ್ಷೇಪಿಸಿದರು. ಇಲಾಖೆ ಅದನ್ನು ಕೈಬಿಟ್ಟಿತು.

ಅರ್ಜಿಯನ್ನು ಜಿಲ್ಲೆಯ ಅಬಕಾರಿ ಉಪ ಆಯುಕ್ತರಿಗೆ ಬರೆದು, ಜಿಲ್ಲಾಧಿಕಾರಿಗೆ ಒಂದು ಪ್ರತಿ ಕೊಡಿ. ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ಸುಮ್ನೆ "ಬೇಡ" ಅಂತ ಬರೆಯಬೇಡಿ. ಬಾರ್‌ಗೂ ಶಾಲೆಗೂ ಆಸ್ಪತ್ರೆಗೂ ದೇವಸ್ಥಾನಕ್ಕೂ 100 ಮೀಟರ್ ಅಂತರ ಇರಬೇಕು ಅಂತ ನಿಯಮ ಇದೆ. ನಿಮ್ಮ ಬೀದಿಯಲ್ಲಿ ಎಷ್ಟಿದೆ ಅಂತ ಅಳೆದು ಬರೆಯಿರಿ. ರಾತ್ರಿ 10ರ ಮೇಲೆ ಹೊರಗೆ ಸ್ಪೀಕರ್ ಹಾಕುವಂತಿಲ್ಲ. ಹಾಕಿದ್ದರೆ ದಿನ, ಗಂಟೆ ಸಮೇತ ಬರೆಯಿರಿ. ಬಾರ್ ಮುಂದೆ ಬೀದಿದೀಪ ಉರಿಯುತ್ತಿಲ್ಲ ಅಂದರೆ ಅದನ್ನೂ ಸೇರಿಸಿ.

ನಮ್ಮವರು ಕುಡಿತ ಬಿಡ್ತೀನಿ ಅಂತಿದ್ದಾರೆ. ನಾಳೆಯಿಂದಲೇ ನಿಲ್ಲಿಸಿಬಿಡಲಾ?

ಅಪರೂಪಕ್ಕೆ ಕುಡಿಯುವವರಾದರೆ ನಿಲ್ಲಿಸಬಹುದು. ದಿನಾ ಜಾಸ್ತಿ ಕುಡಿಯುವವರು, ಬೆಳಿಗ್ಗೆ ಕೈ ನಡುಗಿ ಒಂದು ಗುಟುಕು ಬೇಕೇ ಬೇಕು ಅನ್ನುವವರು ಡಾಕ್ಟರನ್ನು ಕೇಳದೆ ಒಮ್ಮೆಲೇ ನಿಲ್ಲಿಸಬಾರದು. ಬಿಟ್ಟ ಎರಡು ಮೂರು ದಿನದೊಳಗೆ ಫಿಟ್ಸ್ ಬರಬಹುದು. ಇಲ್ಲದವರನ್ನು ಕಂಡ ಹಾಗೆ ಮಾತಾಡುವುದು, ಗೋಡೆ ಮೇಲೆ ಹುಳ ಹರಿದಾಡುತ್ತಿದೆ ಅನ್ನುವುದು ಶುರುವಾಗಬಹುದು. ದೆವ್ವ ಹಿಡಿಯಿತು ಅಂತ ತಿಳಿದು ತಾಯಿತ ಕಟ್ಟಿಸಿ, ಆಮೇಲೆ ನಮ್ಮಲ್ಲಿಗೆ ತಂದವರಿದ್ದಾರೆ. ಅದು ಜೀವಕ್ಕೆ ಅಪಾಯ, ಆದರೆ ಚಿಕಿತ್ಸೆ ಇದೆ. ಶಿವಮೊಗ್ಗದ ಸರ್ಕಾರಿ ಮೆಗ್ಗಾನ್ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಕರೆದುಕೊಂಡು ಹೋಗಿ. ಹೊರಡುವ ಮೊದಲು ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ದಿನಕ್ಕೆ ಎಷ್ಟು ಕುಡಿಯುತ್ತಾರೆ, ಕೊನೆಯದಾಗಿ ಕುಡಿದದ್ದು ಯಾವಾಗ, ಹಿಂದೆ ಫಿಟ್ಸ್ ಬಂದಿತ್ತಾ ಅನ್ನುವುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಡ್ಯೂಟಿಯಲ್ಲಿರುವ ಸಿಸ್ಟರ್ ಮೊದಲು ಕೇಳುವುದು ಅದನ್ನೇ.